ಬಾಟಲಿ ಮೇಲಿನ ಕೋಡ್ ನಂಬಬಹುದಾ? ನಮ್ಮ ಬೆಳೆಗಾರರ ಗುಂಪಿನ ಪ್ರಶ್ನೋತ್ತರ

ಅಡ್ಮಿನ್, ಶಿರಸಿ: ಇವತ್ತು ನಮ್ಮೂರಿನವರೇ ಆದ ಇಂಜಿನಿಯರ್ ಒಬ್ಬರು ಉತ್ತರಿಸುತ್ತಾರೆ. ಸರಕು ತೋಟದಿಂದ ಗಿರಾಕಿವರೆಗೆ ಹೋದ ದಾರಿಯನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವುದು ಅವರ ಕೆಲಸ.

ಯಲ್ಲಾಪುರದ ಬೆಳೆಗಾರ: ಸರ್, ಈ ಬ್ಲಾಕ್‌ಚೈನ್ ಅಂದರೆ ಏನು?

ಇಂಜಿನಿಯರ್: ಒಂದೇ ಖಾತೆ ಪುಸ್ತಕ, ಬೆಳೆಗಾರ, ವ್ಯಾಪಾರಿ, ಲಾರಿಯವರು ಎಲ್ಲರ ಹತ್ತಿರವೂ ಅದರ ಒಂದೊಂದು ಪ್ರತಿ ಇರುತ್ತದೆ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಬೆರಳಚ್ಚು ಇರುತ್ತದೆ. ಹಳೆ ಪುಟದಲ್ಲಿ ಒಂದು ಅಂಕಿ ತಿದ್ದಿದರೂ ಬೇರೆಯವರ ಪ್ರತಿಗೆ ತಾಳೆ ಆಗುವುದಿಲ್ಲ.

ಶಿರಸಿಯ ಅಡಿಕೆ ವ್ಯಾಪಾರಿ: ಕಲಬೆರಕೆ ಕಂಡುಹಿಡಿಯುತ್ತಾ?

ಇಂಜಿನಿಯರ್: ಇಲ್ಲ. ಬರೆಯುವಾಗಲೇ ಸುಳ್ಳು ಬರೆದರೆ ಆ ಸುಳ್ಳೇ ಭದ್ರವಾಗಿ ಉಳಿಯುತ್ತದೆ.

ಕಾರವಾರದ ಸದಸ್ಯ: ಬೈತಖೋಲ ಬಂದರಿನಿಂದ ಬಂಗಡೆ, ಸಿಗಡಿ ಕಳಿಸುತ್ತೇವೆ. ದಾರಿಯಲ್ಲಿ ಐಸ್ ಕರಗಿದರೆ ಅದೂ ದಾಖಲಾಗುತ್ತಾ?

ಸಿದ್ದಾಪುರದ ಜೇನು ಸಾಕುವವರು: ನಾವು 14 ಮನೆಯವರು ತುಡುವೆ ಜೇನು ಒಟ್ಟು ಮಾಡಿ ಮಾರುತ್ತೇವೆ. ಲೇಬಲ್ ಮೇಲೆ ಕ್ಯೂಆರ್ ಕೋಡ್ ಇದೆ. ಹೋದ ತಿಂಗಳು ಹುಬ್ಬಳ್ಳಿಯ ಗಿರಾಕಿಯೊಬ್ಬರು ಬಾಟಲಿ ವಾಪಸ್ ತಂದರು. ಒಳಗೆ ಬೆಲ್ಲದ ಪಾಕದ ವಾಸನೆ. ಸ್ಕ್ಯಾನ್ ಮಾಡಿದರೆ ನಮ್ಮದೇ ಹೆಸರು, ನಮ್ಮದೇ ತೋಟದ ಫೋಟೊ. ಲೇಬಲ್ ಮಾತ್ರ ಜೆರಾಕ್ಸ್ ತರಹ ಮಸುಕು. ಬ್ಲಾಕ್‌ಚೈನ್ ಹಾಕಿದರೆ ಇದು ನಿಲ್ಲುತ್ತಾ?

ಇಂಜಿನಿಯರ್: ಅಕ್ಕಾ, ಎಲ್ಲ ಬಾಟಲಿಗೂ ಒಂದೇ ಕೋಡಾ?

ಸಿದ್ದಾಪುರದ ಜೇನು ಸಾಕುವವರು: ಹೌದು. 1000 ಲೇಬಲ್ ಒಟ್ಟಿಗೆ ಮಾಡಿಸಿದ್ದು.

ಇಂಜಿನಿಯರ್: ತೊಂದರೆ ಅಲ್ಲೇ ಇದೆ. ಕೋಡ್ ಅಂದರೆ ಬರೀ ಒಂದು ಚಿತ್ರ. ಮೊಬೈಲಲ್ಲಿ ಫೋಟೊ ತೆಗೆದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಕೋಡ್‌ನ ಹಿಂದೆ ಬ್ಲಾಕ್‌ಚೈನ್ ಇದ್ದರೂ ನಕಲಿ ಬಾಟಲಿ ನಿಮ್ಮ ಅಸಲಿ ದಾಖಲೆಯನ್ನೇ ತೋರಿಸುತ್ತದೆ.

ಪ್ರತಿ ಬಾಟಲಿಗೂ ಬೇರೆ ನಂಬರ್ ಕೊಡಿ. ಮುಚ್ಚಳದ ಸೀಲ್ ಮೇಲೆ ಇನ್ನೊಂದು ಗುಟ್ಟಿನ ನಂಬರ್ ಇರಲಿ, ಕೆರೆದರೆ ಮಾತ್ರ ಕಾಣಬೇಕು. ಅದೇ ನಂಬರ್ ಎರಡನೇ ಸಲ ಬಂದರೆ 'ಈ ಬಾಟಲಿ ಆಗಲೇ ತೆರೆದಿದೆ' ಎಂದು ಗಿರಾಕಿಗೆ ಕಾಣಲಿ.

ಆಮೇಲೆ ತೂಕದ ಲೆಕ್ಕ. ಯಾವ ಮನೆಯ ಎಷ್ಟು ಪೆಟ್ಟಿಗೆಯಿಂದ ಎಷ್ಟು ಕಿಲೋ ಬಂತು, ರಿಫ್ರಾಕ್ಟೋಮೀಟರ್‌ನಲ್ಲಿ ತೇವಾಂಶ ಎಷ್ಟು, ಜೇನುತುಪ್ಪ ತೆಗೆದ ದಿನವೇ ಬರೆಯಿರಿ. 60 ಕಿಲೋ ಬಂದರೆ ಅರ್ಧ ಕಿಲೋದ 120 ಬಾಟಲಿ. ಯಾರಾದರೂ 200 ನಂಬರ್ ಕೇಳಿದರೆ ಕೊಡಬೇಡಿ. ಒಳಗಿನವರ ಮೋಸ ಸಿಕ್ಕಿಬೀಳುವುದು ಇಲ್ಲೇ.

14 ಮನೆಗೆ ಬ್ಲಾಕ್‌ಚೈನ್ ಖರ್ಚು ಬೇಡ. ತಿಂಗಳ ಕೊನೆಗೆ ರಿಜಿಸ್ಟರ್ ಫೈಲಿನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಫೈಲಿನ ಬೆರಳಚ್ಚು, ತೆಗೆಯಿರಿ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಅದನ್ನು ಖರೀದಿದಾರರಿಗೆಲ್ಲ ಕಳಿಸಿ. ಮುಂದೆ ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಬೇರೆಯೇ ಬರುತ್ತದೆ. ವಾಪಸ್ ಬಂದ ಬಾಟಲಿ ಎಸೆಯಬೇಡಿ. ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಟ್ಟು ತೋರಿಸಿ. 14 ಮನೆಯ ಹೆಸರಿನ ಪ್ರಶ್ನೆ ಇದು.

ಕುಮಟೆಯ ಸದಸ್ಯ: ಫಾರ್ವರ್ಡ್ ಬಂದಿದೆ. 'ಬ್ಲಾಕ್‌ಚೈನ್ ಸ್ಟಿಕರ್ ಅಂಟಿಸಿ, ಕಲಬೆರಕೆ ಪೂರ್ತಿ ಬಂದ್. ಸೇರಿದವರಿಗೆ ಕಾಯಿನ್ ಉಚಿತ.' ಹೇಗೆ ಸರ್?

ಇಂಜಿನಿಯರ್: ಒಂದು ರೂಪಾಯಿಯೂ ಹಾಕಬೇಡಿ. ಸರಕಿನ ದಾಖಲೆಗೆ ಕಾಯಿನ್, ಅಂದರೆ ಡಿಜಿಟಲ್ ನಾಣ್ಯ, ಬೇಕಿಲ್ಲ. ಈ ವಾರ ಇದು ನನಗೆ ಐದನೇ ಸಲ ಬಂತು. ದಯವಿಟ್ಟು ಯಾರಿಗೂ ಕಳಿಸಬೇಡಿ.

ಶಿರಸಿಯ ಅಡಿಕೆ ವ್ಯಾಪಾರಿ: ಶಿರಸಿ ಸುಪಾರಿಗೆ 2019ರಲ್ಲೇ ಜಿಐ (ಭೌಗೋಳಿಕ ಗುರುತು) ಸಿಕ್ಕಿದೆ. ಮತ್ತೆ ಇದೆಲ್ಲ ಯಾಕೆ?

ಯಲ್ಲಾಪುರದ ಬೆಳೆಗಾರ: ಜಿಐ ಸಿಕ್ಕಿದ್ದು ಹೆಸರಿಗೆ, ನಿಮ್ಮ ಮೂಟೆಗಲ್ಲ. ಹೊರಗಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬೆರೆಸುವವರು ಯಾರು ಅಂತ ಗೊತ್ತಿದೆ.

ಶಿರಸಿಯ ಅಡಿಕೆ ವ್ಯಾಪಾರಿ: ಯಾರಿಗೆ ಹೇಳುತ್ತಿದ್ದೀರಿ? ಮೂಟೆಯ ಅಡಿಗೆ ಹಸಿ ಅಡಿಕೆ ತುಂಬಿ ತರುವವರು ಬೆಳೆಗಾರರೇ ಅಲ್ವಾ?

ಯಲ್ಲಾಪುರದ ಬೆಳೆಗಾರ: ನನ್ನ ಮೂಟೆ ಎಲ್ಲರೆದುರು ಸುರಿಯುತ್ತೇನೆ. ನಿಮ್ಮ ಗೋದಾಮು ತೆಗೆಯಿರಿ ನೋಡೋಣ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಇಂಜಿನಿಯರ್: ಒಬ್ಬರನ್ನೊಬ್ಬರು ನಂಬದ ಇಂಥ ಕಡೆಯೇ ಬ್ಲಾಕ್‌ಚೈನ್ ಉಪಯೋಗಕ್ಕೆ ಬರುವುದು. ಆದರೆ ಎಲ್ಲರೂ ಬರೆಯಬೇಕು. ಅಮೆರಿಕದ ಅಂಗಡಿ ಸರಣಿ ವಾಲ್‌ಮಾರ್ಟ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಮಾಡಿದ ಬ್ಲಾಕ್‌ಚೈನ್ ಪ್ರಯೋಗದಲ್ಲಿ ಮಾವಿನ ಮೂಲ ಹುಡುಕಲು ಮೊದಲು 7 ದಿನ ಹಿಡಿಯುತ್ತಿತ್ತು, ಆಮೇಲೆ 2.2 ಸೆಕೆಂಡ್ ಸಾಕಾಯಿತು. ಹಡಗು ಸಾಗಣೆಗೆ ಐಬಿಎಂ ಮತ್ತು ಹಡಗು ಕಂಪನಿ ಮರ್ಸ್ಕ್ ತಂದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆ ಮಾತ್ರ ಉಳಿಯಲಿಲ್ಲ. ಉದ್ಯಮದವರೆಲ್ಲ ಕೈಜೋಡಿಸಲಿಲ್ಲ ಎಂದು 2022ರಲ್ಲಿ ಮುಚ್ಚುವುದಾಗಿ ಹೇಳಿದರು.

ಅಂಕೋಲೆಯ ಸದಸ್ಯ: ಸರ್, ಇದರಿಂದ ಕಲಬೆರಕೆ ಗೊತ್ತಾಗುತ್ತಾ?

ಇಂಜಿನಿಯರ್: ಮೇಲೆ ಓದಿ.

ಕುಮಟೆಯ ಸದಸ್ಯ: ಆ ಸ್ಟಿಕರ್‌ನವರಿಗೆ ನಮ್ಮ ಭಾವ ನಿನ್ನೆ 5000 ಕಳಿಸಿದ್ದಾನೆ.

ಇಂಜಿನಿಯರ್: ಇಲ್ಲಿ ಬರೆಯುತ್ತಾ ಕೂರಬೇಡಿ. ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಕಾರವಾರದ ಸದಸ್ಯ: ಮೀನಿನ ವಿಷಯ ಕೇಳಿದ್ದೆ. ಕರಾವಳಿಯವರು ಈ ಗುಂಪಿನಲ್ಲಿ ಇದ್ದೇವೋ ಇಲ್ಲವೋ?

ಸಿದ್ದಾಪುರದ ಜೇನು ಸಾಕುವವರು: ಹಳೆ ಲೇಬಲ್ 600 ಉಳಿದಿವೆ. ಈ ವರ್ಷಕ್ಕೆ ಬಳಸಲಾ?

ಇಂಜಿನಿಯರ್: ಬೇಡ ಅಕ್ಕಾ. ಎಣಿಸಿ, 14 ಮನೆಯವರ ಎದುರಿಗೇ ಸುಟ್ಟುಬಿಡಿ.