ಅಂಡರ್‌ಗ್ರೌಂಡ್ ಸಂಗೀತವನ್ನು ‘ಭೂಗತ’ ಎನ್ನಬಹುದೇ?

ಮಾನ್ಯರೇ,

ಕ್ಲಬ್ಬುಗಳಲ್ಲಿ ಕುಣಿತಕ್ಕೆ ಹಾಕುವ ಹೌಸ್ ಸಂಗೀತದ ಮತ್ತು ತಗ್ಗಿನ ನಾದವೇ ಮುಖ್ಯವಾದ ಬೇಸ್ ಸಂಗೀತದ ಹೊಸ ವಿನೈಲ್ ರೆಕಾರ್ಡುಗಳನ್ನು ಕನ್ನಡದಲ್ಲಿ ಪರಿಚಯಿಸುವ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ಅಲ್ಲಿ ಮತ್ತೆ ಮತ್ತೆ ಎದುರಾಗುವ ಕೆಲವು ಪದಗಳ ಬಗ್ಗೆ, ಮುಖ್ಯವಾಗಿ ದೊಡ್ಡ ಮಾರುಕಟ್ಟೆಯಿಂದ ದೂರ ಉಳಿಯುವ ಸಂಗೀತಕ್ಕೆ ಹೇಳುವ ‘ಅಂಡರ್‌ಗ್ರೌಂಡ್’ ಎಂಬುದರ ಬಗ್ಗೆ, ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಹೌಸ್’ ಹಾಗೆಯೇ ಇರಲಿ ಎಂಬುದು ನನ್ನ ನಿಲುವು. 1977ರಲ್ಲಿ ಶಿಕಾಗೊದಲ್ಲಿ ತೆರೆದ ‘ವೇರ್‌ಹೌಸ್’ ಎಂಬ ಕ್ಲಬ್ಬಿನಿಂದ, ಅಲ್ಲಿ ಡಿ.ಜೆ. ಫ್ರಾಂಕಿ ನಕಲ್ಸ್ ಹಾಕುತ್ತಿದ್ದ ರೆಕಾರ್ಡುಗಳಿಂದ ಆ ಹೆಸರು ಹುಟ್ಟಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಅದರ ಮೂಲ ಉಗ್ರಾಣವೇ ಹೊರತು ಮನೆಯಲ್ಲ. ಅಲ್ಲದೆ ‘ಐದು ಮನೆ ಶ್ರುತಿ’ ಎನ್ನುವಾಗ ನಮ್ಮ ಸಂಗೀತದಲ್ಲಿ ‘ಮನೆ’ಗೆ ಹಾರ್ಮೋನಿಯಂನ ಕೀಲಿ ಎಂಬ ಬೇರೆ ಅರ್ಥ ಆಗಲೇ ಇದೆ.

‘ಬೇಸ್’ಗೆ ‘ಮಂದ್ರ’ವನ್ನು ಸೂಚಿಸುವವರಿದ್ದಾರೆ. ಕಿವಿಗೆ ಇಂಪಾದ ಮಾತು, ಆದರೆ ಮಂದ್ರ ಎಂಬುದು ಹಾಡುವವರ ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಅವಲಂಬಿಸಿದ ಕೆಳಗಿನ ಸ್ಥಾಯಿ. ಐದು ಮನೆ ಶ್ರುತಿಯಲ್ಲಿ ಹಾಡುವ ಗಾಯಕಿಯ ಮಂದ್ರ ಪಂಚಮ ಸುಮಾರು 147 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಸುತ್ತಮುತ್ತ 2000ದ ನಂತರ ಬೆಳೆದ ಡಬ್‌ಸ್ಟೆಪ್ ಎಂಬ ಬೇಸ್ ಸಂಗೀತದ ಪ್ರಕಾರದಲ್ಲಿ ತಳದ ನಾದ 50 ಹರ್ಟ್ಸ್‌ನ ಆಸುಪಾಸಿನಲ್ಲಿದ್ದು, ಕಿವಿಗಿಂತ ಮೊದಲು ಎದೆಗೂಡಿಗೆ ತಿಳಿಯುತ್ತದೆ. ಇಂಥ ನಾದ ಅಗಲವಾದ ಗೀರನ್ನು ಬೇಡುವುದರಿಂದಲೇ 12 ಇಂಚಿನ ರೆಕಾರ್ಡಿನ ಒಂದು ಮಗ್ಗುಲಲ್ಲಿ ಒಂದೋ ಎರಡೋ ಕೃತಿಗಳನ್ನಷ್ಟೇ ಇಡುತ್ತಾರೆ. ‘ಸ್ವಲ್ಪ ಬೇಸ್ ಜಾಸ್ತಿ ಮಾಡಿ’ ಎಂದು ನಮ್ಮ ಧ್ವನಿವರ್ಧಕದವರಿಗೆ ಹೇಳುವ ಮಾತೇ ಇಲ್ಲಿ ಹೆಚ್ಚು ನಿಖರ. ಬರೆಯುವಾಗ ‘ಬಾಸ್’ ಎಂದರೆ ಯಜಮಾನನ ಅರ್ಥ ಬಂದುಬಿಡುವುದರಿಂದ ‘ಬೇಸ್’ ಎಂದೇ ಬರೆಯುತ್ತಿದ್ದೇನೆ.

ಇನ್ನು ‘ಡಬ್‌ಪ್ಲೇಟ್’. ಜಮೈಕಾದ ಸೌಂಡ್ ಸಿಸ್ಟಮ್ಮುಗಳಿಂದ, ಅಂದರೆ ದೊಡ್ಡ ಧ್ವನಿವರ್ಧಕಗಳಲ್ಲಿ ಕುಣಿತಕ್ಕೆ ರೆಕಾರ್ಡು ಹಾಕುವ ತಂಡಗಳಿಂದ, ಲಂಡನ್ನಿಗೆ ಬಂದ ಈ ವಸ್ತು ಕಾರ್ಖಾನೆಯಲ್ಲಿ ಅಚ್ಚೊತ್ತಿದ್ದಲ್ಲ. ಲ್ಯಾಕರ್ ಎಂಬ ಮೆರುಗೆಣ್ಣೆ ಲೇಪಿಸಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಒಂದೊಂದಾಗಿ ಕೊರೆದದ್ದು, ಕೆಲವು ಹತ್ತು ಸಲ ನುಡಿಸುವಷ್ಟರಲ್ಲಿ ಸವೆಯುವಂಥದ್ದು. ನಮ್ಮ ಹಿರಿಯರು ‘ಗ್ರಾಮಫೋನ್ ಪ್ಲೇಟು’ ಎನ್ನುತ್ತಿದ್ದರಲ್ಲ, ಆ ಪ್ಲೇಟು ಇಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಹಾಗಾಗಿ ‘ಡಬ್ ಪ್ಲೇಟು’ ಎಂದು ಉಳಿಸಿಕೊಂಡು, ಅದಕ್ಕೆ ‘ಕೊರೆದ ಪ್ಲೇಟು’, ಮಾರುಕಟ್ಟೆಗೆ ಬರುವ ಪ್ರತಿಗೆ ‘ಒತ್ತಿದ ಪ್ಲೇಟು’ ಎಂಬ ಭೇದವನ್ನು ಪಾಲಿಸಬಹುದೆಂದು ನನಗೆ ತೋರುತ್ತದೆ. ‘ಪ್ಲೇಟು’ ಎಂಬ ಈ ಹಳೆಯ ಪದ ಸಿಕ್ಕಿದ್ದು ನನಗೆ ತುಂಬ ಸಂತೋಷ ಕೊಟ್ಟಿದೆ.

ನಿಜವಾದ ತೊಡಕು ‘ಭೂಗತ’ದ್ದು. 1942ರ ಚಳವಳಿಯ ಸಂದರ್ಭದಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ ‘ಭೂಗತರಾದರು’ ಎಂದರೆ ಗೌರವದ ಮಾತು. ಆದರೆ ಪತ್ರಿಕೆಗಳ ‘ಭೂಗತ ದೊರೆ’, ‘ಭೂಗತ ಲೋಕ’ಗಳು ಆ ಪದವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿವೆಯೆಂದರೆ, ‘ಭೂಗತ ಹೌಸ್ ರೆಕಾರ್ಡು’ ಎಂದು ಬರೆದ ಕೂಡಲೇ ಓದುಗರಿಗೆ ಮಚ್ಚು ಕೊಡಲಿಗಳು ನೆನಪಾಗುತ್ತವೆ. ಆದರೂ ಶಿಕಾಗೊದ ಆ ಮೊದಲ ದಿನಗಳಿಗೆ ಹಳೆಯ ಅರ್ಥದ ‘ಭೂಗತ’ ಒಪ್ಪುತ್ತದೆ. ಅಲ್ಲಿ ಸೇರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆಡೆ ಬಾಗಿಲು ಮುಚ್ಚಿಸಿಕೊಂಡಿದ್ದ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿ ಪುರುಷರು. ಇಂದು ಕೆಲವು ನೂರು ಪ್ರತಿಗಳನ್ನು ಒತ್ತಿಸಿ, ಬರಿಯ ಬಿಳಿ ಚೀಟಿ ಅಂಟಿಸಿ, ಪರಿಚಿತ ಅಂಗಡಿಗಳಿಗೆ ಮಾತ್ರ ಕೊಡುವ ಸಣ್ಣ ರೆಕಾರ್ಡ್ ಸಂಸ್ಥೆಯ (ಲೇಬಲ್ಲಿನ) ವಿಷಯದಲ್ಲಿ ಅದು ಅತಿಯಾಗುತ್ತದೆ. ‘ಎಲೆಮರೆಯ’ ಎಂಬುದನ್ನು ಪ್ರಯತ್ನಿಸಿ ನೋಡಿದೆ. ಯಾರೂ ಗುರುತಿಸಲಿಲ್ಲವೆಂಬ ಮರುಕ ಅದರಲ್ಲಿದೆ, ಇವರಾದರೋ ಬೇಕೆಂದೇ ಮರೆಯಲ್ಲಿರುವವರು. ‘ಗುಪ್ತಗಾಮಿ’ ಹತ್ತಿರ ಬರುತ್ತದೆ, ಆದರೆ ಸರಸ್ವತಿ ನದಿಯ ನೆನಪು ಅದನ್ನು ಬಹಳ ಗಂಭೀರವಾಗಿಸುತ್ತದೆ.

ತಾನೇ ಆರಿಸಿಕೊಂಡ ಮರೆಯನ್ನು ಹೇಳುವ, ದೂರನ್ನಾಗಲಿ ಅಪರಾಧವನ್ನಾಗಲಿ ಸೂಚಿಸದ ಪದ ನಿಮ್ಮ ಕಡೆಯ ಆಡುಮಾತಿನಲ್ಲಿದ್ದರೆ, ಅದು ಬಳಕೆಯಾಗುವ ಒಂದು ಪೂರ್ಣ ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.