ಪದಚರ್ಚೆ: 'ಕ್ರೆಡಿಟ್' ಎಂದರೆ ಜಮಾ, ಉದ್ರಿ, ಪತ್ತು – ಯಾವುದು ಎಲ್ಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕಕ್ಕೆ ಓದಲು ಬರುವ ನಮ್ಮ ಹುಡುಗ ಹುಡುಗಿಯರಿಗೂ ಊರಲ್ಲಿರುವ ಅವರ ತಂದೆತಾಯಿಗೂ ಆಗಲೆಂದು ದುಡ್ಡುಕಾಸಿನ ವ್ಯವಹಾರದ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮಕ್ಕಳು ಇಂಗ್ಲಿಷಿನಲ್ಲೇ ಓದಿಕೊಳ್ಳುತ್ತಾರೆ, ನಿಜ. ಆದರೆ ಶಿಕ್ಷಣ ಸಾಲಕ್ಕೆ ಸಹಿ ಹಾಕಿ, ಮನೆಪತ್ರ ಅಡವಿಟ್ಟು, ಸೆಮಿಸ್ಟರಿಗೊಮ್ಮೆ ಫೀಸು ಕಳಿಸುವವರು ಹಾವೇರಿಯಲ್ಲೋ ಹಾಸನದಲ್ಲೋ ಇರುತ್ತಾರೆ. ಮಗಳು ಫೋನಿನಲ್ಲಿ ಒಂದು ದಿನ 'ಕ್ರೆಡಿಟ್ ಆಯ್ತು' ಅಂತಾಳೆ, ಇನ್ನೊಂದು ದಿನ 'ನನಗೆ ಕ್ರೆಡಿಟ್ಟೇ ಇಲ್ಲ' ಅಂತಾಳೆ, ಮತ್ತೊಂದು ದಿನ 'ಮೂರು ಕ್ರೆಡಿಟ್ ಕಮ್ಮಿ ಬಿದ್ದರೆ ವೀಸಾಕ್ಕೆ ತೊಂದರೆ' ಅಂತಾಳೆ. ಕೇಳುವವರ ಎದೆ ಹೊಡೆದುಕೊಳ್ಳದೆ ಇರುತ್ತದೆಯೇ?

ಕೊನೆಯದನ್ನು ಬಿಟ್ಟುಬಿಡೋಣ. ಅದು ಪಾಠದ ಲೆಕ್ಕ; ಎಫ್-1 ವೀಸಾದಲ್ಲಿ ಪದವಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದಬೇಕು ಎನ್ನುವಲ್ಲಿ ಕ್ರೆಡಿಟ್ ಎಂದೇ ಬರೆದರಾಯಿತು. ದುಡ್ಡಿನ ಕ್ರೆಡಿಟ್ಟುಗಳದ್ದೇ ಬೇರೆ ಕಥೆ.

ಖಾತೆಗೆ ಹಣ ಬಂದರೆ 'ಜಮಾ'. ಇದರಲ್ಲಿ ತಕರಾರಿಲ್ಲ. 'ಕ್ರೆಡಿಟ್' ಎಂಬ ಇದೇ ಪದ ಸಾಲಕ್ಕೂ ಹೇಗೆ ಬಂತು ಎಂದು ಕೇಳುವವರಿಗೆ ಒಂದು ಮಾತು: ಲ್ಯಾಟಿನ್ನಿನ 'ನಂಬು' ಎಂಬ ಅರ್ಥದ ಧಾತುವಿನಿಂದ ಬಂದ ಪದ ಇದು. ನಾವು ಇಟ್ಟ ಹಣ ಬ್ಯಾಂಕಿನ ಪುಸ್ತಕದಲ್ಲಿ ಬ್ಯಾಂಕು ನಮಗೆ ಕೊಡಬೇಕಾದ ಸಾಲ. ನಾವು ನಂಬಿ ಕೊಟ್ಟರೂ ಕ್ರೆಡಿಟ್, ಅವರು ನಂಬಿ ಕೊಟ್ಟರೂ ಕ್ರೆಡಿಟ್.

ಎರಡನೆಯದು ಕ್ರೆಡಿಟ್ ಕಾರ್ಡು. ಹೊಸದಾಗಿ ಬಂದವರಲ್ಲಿ ಅನೇಕರಿಗೆ ಮೊದಲು ಸಿಗುವುದು ಠೇವಣಿ ಇಟ್ಟು ಪಡೆಯುವ ಕಾರ್ಡು. 300 ಡಾಲರ್ ಠೇವಣಿ ಇಟ್ಟರೆ 300 ಡಾಲರಿನ ಮಿತಿ. ಇದನ್ನು ಓದಿದ ಒಬ್ಬ ತಾಯಿ ನನ್ನನ್ನು ಕೇಳಿದ್ದು ಹೀಗೆ: "ನಮ್ಮ ಮುನ್ನೂರು ಅಲ್ಲೇ ಐತಲ್ರೀ, ಅದ್ರಾಗ ಮುರ್ಕೊಳ್ಳಿ. ಮತ್ತ ಬಡ್ಡಿ ಯಾಕ?" ಬಹಳ ಸರಿಯಾದ ಪ್ರಶ್ನೆ. ಕರಡಿನಲ್ಲಿ 'ಸಾಲದ ಕಾರ್ಡು' ಎಂದಿದ್ದುದರಿಂದ ಅವರಿಗೆ ಉತ್ತರ ಸಿಕ್ಕಿರಲಿಲ್ಲ. "ಠೇವಣಿ ಅಡವು ಇದ್ದ ಹಾಗೆ, ನೀವು ಕಟ್ಟದೆ ಬಿಟ್ಟರೆ ಹೊರತು ಅದನ್ನು ಅವರು ಮುಟ್ಟುವುದಿಲ್ಲ, ಅಂಗಡಿಯಲ್ಲಿ ಕಾರ್ಡು ಉಜ್ಜಿದ್ದೆಲ್ಲ ಉದ್ರಿ" ಎಂದ ಕೂಡಲೇ ತಿಳಿಯಿತು. ಉದ್ರಿ ಎಂದರೆ ತಿಂಗಳ ಕೊನೆಗೆ ಚುಕ್ತಾ ಮಾಡಬೇಕಾದದ್ದು ಎಂಬುದು ಆ ಪದದಲ್ಲೇ ಇದೆ. ತಿಂಗಳ ಲೆಕ್ಕದ ಪೂರ್ತಿ ಮೊತ್ತವನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿಯಿಲ್ಲ. 'ಕನಿಷ್ಠ ಇಷ್ಟು ಕಟ್ಟಿ' ಎಂದು ಅವರು ತೋರಿಸುವ 25 ಡಾಲರನ್ನಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಓಡತೊಡಗುತ್ತದೆ, ವರ್ಷಕ್ಕೆ ಶೇ 20 ದಾಟುವುದು ಅಲ್ಲಿ ಸಾಮಾನ್ಯ. 'ಸಾಲ' ಎಂದಾಗ ನಮ್ಮ ಮನಸ್ಸಿಗೆ ಬರುವುದು ಪತ್ರ, ಕಂತು, ವರ್ಷಗಳ ಅವಧಿ. ಆದ್ದರಿಂದ ಇಲ್ಲಿ ನನ್ನ ಒಲವು ಉದ್ರಿಯ ಕಡೆಗೆ. ಧಾರವಾಡದ ಕಡೆಯ ಕಿರಾಣಿ ಅಂಗಡಿಯಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ಎಲ್ಲರಿಗೂ ಗೊತ್ತು. ಆದರೆ ಮೈಸೂರು, ತುಮಕೂರಿನ ಬೋರ್ಡುಗಳಲ್ಲಿ ಇದು 'ನಾಳೆ ಸಾಲ' ಆಗುತ್ತದೆ. ಆ ಕಡೆಯವರಿಗೆ ಉದ್ರಿ ಪರಕೀಯ ಅನ್ನಿಸುತ್ತದೆಯೇ? ಕರಾವಳಿಯವರು 'ಕಡ' ಎಂದರೆ ಇದೇ ಛಾಯೆ ಬರುತ್ತದೆಯೇ?

'ಬ್ಯಾಲೆನ್ಸ್' ಪದದಲ್ಲೂ ಇದೇ ತೊಡಕಿದೆ. ಬ್ಯಾಂಕ್ ಖಾತೆಯಲ್ಲಿ ಬ್ಯಾಲೆನ್ಸ್ 400 ಡಾಲರ್ ಎಂದರೆ ಅಷ್ಟು ನಮ್ಮದು, ಕಾರ್ಡಿನಲ್ಲಿ ಬ್ಯಾಲೆನ್ಸ್ 400 ಎಂದರೆ ಅಷ್ಟು ಕೊಡಬೇಕಾದದ್ದು. ಎರಡೂ ಒಂದೇ ಆ್ಯಪಿನಲ್ಲಿ, ಒಂದರ ಕೆಳಗೊಂದು, ಒಂದೇ ದಪ್ಪ ಅಕ್ಷರದಲ್ಲಿ ಕಾಣುತ್ತವೆ. ನಮ್ಮ ಪಂಚಾಯಿತಿ, ಸಂಘಗಳ ಲೆಕ್ಕದಲ್ಲಿ ಕೈಯಲ್ಲಿ ಉಳಿದದ್ದು 'ಶಿಲ್ಕು', ಕೊಡಬೇಕಾದದ್ದು 'ಬಾಕಿ'. ಇಷ್ಟು ಸ್ಪಷ್ಟವಾದ ಜೋಡಿಯನ್ನು ಬಿಟ್ಟು ಎರಡಕ್ಕೂ 'ಬಾಕಿ ಮೊತ್ತ' ಎಂದು ಬರೆಯುವ ಈಗಿನ ರೂಢಿ ನನಗೆ ಒಪ್ಪಿಗೆಯಿಲ್ಲ. ಖಾತೆಗೆ ಶಿಲ್ಕು, ಕಾರ್ಡಿಗೆ ಬಾಕಿ ಎಂದೇ ಬರೆದಿದ್ದೇನೆ. (ಅಲ್ಲಿನ 'ಚೆಕಿಂಗ್' ಖಾತೆಯನ್ನು ಹಾಗೇ ಇಟ್ಟಿದ್ದೇನೆ. 'ಚಾಲ್ತಿ ಖಾತೆ' ಎಂದರೆ ನಮ್ಮಲ್ಲಿ ವ್ಯಾಪಾರಸ್ಥರ ಖಾತೆ. ಚೆಕಿಂಗ್ ಖಾತೆಯೋ ಅಲ್ಲಿ ಎಲ್ಲರೂ ದಿನವೂ ಬಳಸುವಂಥದ್ದು.)

ಇನ್ನು 'ನನಗೆ ಕ್ರೆಡಿಟ್ಟೇ ಇಲ್ಲ'. ನಿಜವಾಗಿ ನಾನು ಕೇಳಬೇಕಾದದ್ದು ಇದನ್ನೇ.

ಅಮೆರಿಕದಲ್ಲಿ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳು ಪ್ರತಿಯೊಬ್ಬರ ಸಾಲ-ಮರುಪಾವತಿಯ ದಾಖಲೆ ಇಡುತ್ತವೆ. ಅದರ ಮೇಲೆ 300ರಿಂದ 850ರ ವರೆಗಿನ ಫೈಕೋ ಅಂಕ (ಕ್ರೆಡಿಟ್ ಸ್ಕೋರ್) ಬರುತ್ತದೆ. ನಮ್ಮ ಸಿಬಿಲ್ ಅಂಕ 300ರಿಂದ 900. ಅದು ಎಷ್ಟೇ ಚೆನ್ನಾಗಿದ್ದರೂ ಈ ದಾಖಲೆಗೆ ಸೇರುವುದಿಲ್ಲ. ಫೈಕೋ ಅಂಕ ಹುಟ್ಟಬೇಕಾದರೆ ಕನಿಷ್ಠ ಒಂದು ಸಾಲದ ಖಾತೆಯಾದರೂ ಆರು ತಿಂಗಳು ಹಳೆಯದಾಗಿರಬೇಕು. ಹಾಗಾಗಿ ಹೊಸಬರ ಅಂಕ ಸೊನ್ನೆಯಲ್ಲ, ಅಂಕವೇ ಇರುವುದಿಲ್ಲ. ಬಾಡಿಗೆ ಮನೆಯವರು ಜಾಮೀನುದಾರರನ್ನು ಕೇಳುವುದು, ಹೆಚ್ಚು ಮುಂಗಡ ಕೇಳುವುದು ಇದರಿಂದಲೇ.

ಈ ಅರ್ಥದ ಕ್ರೆಡಿಟ್ಟಿಗೆ 'ಸಾಲಾರ್ಹತೆ' ಎಂಬ ಪದ ಹಲವರ ಬಾಯಲ್ಲಿದೆ. ನನಗೆ ಅದು ಹಿಡಿಸುತ್ತಿಲ್ಲ. ಅರ್ಹತೆ ಎಂದರೆ ಸಂಬಳ, ಆಸ್ತಿ ಎಲ್ಲ ಬರುತ್ತದೆ. ಫೈಕೋ ಅಂಕ ಸಂಬಳವನ್ನು ನೋಡುವುದೇ ಇಲ್ಲ, ಕೊಟ್ಟ ಮಾತಿನಂತೆ ಕಟ್ಟಿದಿರಾ, ಸಿಕ್ಕ ಮಿತಿಯಲ್ಲಿ ಎಷ್ಟು ಬಳಸಿದಿರಿ ಎಂಬಂಥದ್ದನ್ನು ನೋಡುತ್ತದೆ. ನಮ್ಮಲ್ಲಿ 'ಪತ್ತು' ಎಂಬ ಪದವಿದೆಯಲ್ಲ? ಊರೂರಿನಲ್ಲೂ 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಫಲಕ ಇದೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಇಂಥ ಸಂಘವನ್ನೇ. ಒತ್ತೆಗೆ ಏನೂ ಇಲ್ಲದ ರೈತನಿಗೂ ಅವನ ನಡತೆ, ಊರವರ ಜಾಮೀನು ನೋಡಿ ಸಾಲ ಕೊಡುವುದು ಅಂಥ ಸಂಘಗಳ ಮೂಲ ವಿಚಾರ. ಮರಾಠಿಯ 'ಪತಸಂಸ್ಥಾ'ದಲ್ಲಿರುವ 'ಪತ'ವೂ ಇದರ ನಂಟಿನದೇ. ಅಲ್ಲಿ ಅದಕ್ಕೆ ಮರ್ಯಾದೆ, ನಂಬಿಕೆ ಎಂಬ ಅರ್ಥವೂ ಉಂಟು. ಆದ್ದರಿಂದ ಫೈಕೋ ಅಂಕಕ್ಕೆ 'ಪತ್ತಿನ ಅಂಕ', ಅದರ ಹಿಂದಿನ ದಾಖಲೆಗೆ 'ಪತ್ತಿನ ದಾಖಲೆ' ಎಂದು ಬರೆಯಬೇಕೆಂದಿದ್ದೇನೆ. ಮೊದಲ ಸಲ ಬಂದಲ್ಲಿ ಜೊತೆಗೆ 'ಕ್ರೆಡಿಟ್ ಸ್ಕೋರ್' ಎಂದೂ ಇರುತ್ತದೆ.

ಅಡ್ಡಿಗಳು ನನಗೂ ಕಾಣುತ್ತಿವೆ. ಹಳಗನ್ನಡ ಓದಿದವರಿಗೆ ಪತ್ತು ಎಂದರೆ ಹತ್ತು. ಉಳಿದವರಿಗೆ ಇದು 'ಪತ್ತಿನ' ಎಂಬ ರೂಪದಲ್ಲಿ, ಅದೂ ಸಂಘದ ಹೆಸರಿನೊಳಗೆ ಮಾತ್ರ ಪರಿಚಿತ. 'ಅವನಿಗೆ ಊರಲ್ಲಿ ಪತ್ತಿದೆ', 'ಪತ್ತು ಕಳಕೊಂಡ' ಎಂದು ಬಿಡಿಯಾಗಿ ಆಡುವುದನ್ನು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಬೆಳಗಾವಿ, ವಿಜಯಪುರ, ಬೀದರಿನ ಕಡೆಯವರೂ ಪತ್ತಿನ ಸಂಘಗಳಲ್ಲಿ ಕಾರ್ಯದರ್ಶಿಯಾಗಿ ಲೆಕ್ಕ ಬರೆದವರೂ ಬಳಗದಲ್ಲಿ ಇದ್ದೀರಿ. ಯಾವ ಊರು, ಯಾರ ಬಾಯಲ್ಲಿ, ಯಾವ ಸಂದರ್ಭ ಎಂಬುದರ ಸಮೇತ ಬರೆದರೆ ಬಹಳ ಉಪಕಾರ. ಜುಲೈ ಒಳಗೆ ತಿಳಿಸಿದರೆ ಈ ಆಗಸ್ಟಿನಲ್ಲಿ ಬರುವ ಮಕ್ಕಳ ಮನೆಗಳಿಗೆ ತಿದ್ದಿದ ಪ್ರತಿಯನ್ನೇ ಕಳಿಸುತ್ತೇನೆ.