ಸಹಾಯ ಬೇಕು: ಸ್ತ್ರೀವಾದಿ ದೇವಶಾಸ್ತ್ರದ ಇತಿಹಾಸ ಎಲ್ಲಿಂದ ಶುರು ಮಾಡಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸ್ತ್ರೀವಾದಿ ದೇವಶಾಸ್ತ್ರ (ದೇವರು, ಧರ್ಮದ ವಿಚಾರಗಳನ್ನು ಹೆಂಗಸರ ಅನುಭವದ ಕಡೆಯಿಂದ ನೋಡುವ ಚಿಂತನೆ) ಒಂದು ಓದಿನ ವಿಷಯವಾಗಿ ಬೆಳೆದ ಬಗೆಯ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಎರಡು ಸಲ ಬರೆದು ಅಳಿಸಿದೆ.

ಅಮೆರಿಕದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಎಲಿಜಬೆತ್ ಕೇಡಿ ಸ್ಟಾಂಟನ್ 1895ರಲ್ಲೇ ‘ವುಮನ್ಸ್ ಬೈಬಲ್’ (ಬೈಬಲ್‌ನಲ್ಲಿ ಹೆಂಗಸರ ಬಗ್ಗೆ ಬರುವ ಭಾಗಗಳ ವಿಮರ್ಶೆ) ಮೊದಲ ಭಾಗ ತಂದರು. ಆದರೆ ಅದು ವಿಶ್ವವಿದ್ಯಾಲಯದ ಹೊರಗಿನ ಕೆಲಸ, ಅಲ್ವಾ?

ಶುರು ಮಾಡಬಹುದಾದ ಇನ್ನೊಂದು ಜಾಗ, 1960ರಲ್ಲಿ ದೇವಶಾಸ್ತ್ರದ ವಿದ್ವಾಂಸೆ ವ್ಯಾಲೆರಿ ಸೇವಿಂಗ್ ಬರೆದ ಲೇಖನ. ಪಾಪವೆಂದರೆ ಅಹಂಕಾರ ಅನ್ನುವುದು ಗಂಡಸರ ಅನುಭವದಿಂದ ಬಂದ ಮಾತು, ಹೆಂಗಸರು ತಮ್ಮನ್ನೇ ಕಳೆದುಕೊಳ್ಳುವುದು ಜಾಸ್ತಿ ಎಂದು ಅವರು ವಾದಿಸಿದರು. ಓದುವಾಗ ನಮ್ಮ ಅಜ್ಜಿ ನೆನಪಾದರು. ಸ್ತ್ರೀವಾದಿ ದೇವಶಾಸ್ತ್ರದ ಇನ್ನೊಬ್ಬ ಮುಖ್ಯ ಲೇಖಕಿ ಮೇರಿ ಡೇಲಿ ಅವರ ‘ದಿ ಚರ್ಚ್ ಅಂಡ್ ದಿ ಸೆಕೆಂಡ್ ಸೆಕ್ಸ್’ ಬಂದದ್ದು 1968ರಲ್ಲಿ.

ನನ್ನ ಮಾರ್ಗದರ್ಶಕರು 1960 ಸಾಕು ಅನ್ನುತ್ತಾರೆ. ಸ್ಟಾಂಟನ್‌ರನ್ನು ಬಿಡಲು ನನಗೆ ಮನಸ್ಸಿಲ್ಲ. ಅಧ್ಯಾಯವನ್ನು 1895ರಿಂದ ಶುರು ಮಾಡಲಾ, 1960ರಿಂದಲಾ? ಯಾಕೆ ಅಂತಲೂ ದಯವಿಟ್ಟು ಹೇಳಿ.